ಆಸ್ಪತ್ರೆಯ ಬೀಗದ ಕೈ ಯಾರಲ್ಲಿ?

"ಸರ್ಕಾರಕ್ಕೆ ಆಸ್ಪತ್ರೆ ನಡೆಸಲು ಬರುವುದಿಲ್ಲ. ಅದು ದುಡ್ಡು ಕೊಟ್ಟು ಸುಮ್ಮನಿರಲಿ. ನಡೆಸುವ ಕೆಲಸವನ್ನು ಬಲ್ಲವರಿಗೆ ಬಿಡಲಿ." ಈಚೆಗೆ ಈ ಮಾತನ್ನು ಯಾರ ಬಾಯಲ್ಲಿ ಕೇಳಿಲ್ಲ? ನಿವೃತ್ತ ಅಧಿಕಾರಿಗಳು ಹೇಳುತ್ತಾರೆ, ಅರ್ಥಶಾಸ್ತ್ರ ಬಲ್ಲವರು ಹೇಳುತ್ತಾರೆ, ರೈಲಿನಲ್ಲಿ ಎದುರು ಕುಳಿತ ಸಭ್ಯ ಗೃಹಸ್ಥರೂ ಹೇಳುತ್ತಾರೆ. ಹೇಳುವವರೆಲ್ಲರಿಗೂ ಸಮಾನವಾದ ಒಂದು ಗುಣವುಂಟು: ಅವರು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಹಿಡಿದು ನಿಂತು ಬಹಳ ಕಾಲವಾಗಿದೆ. ಸಾಲಿನಲ್ಲಿ ಈಗಲೂ ನಿಲ್ಲುವವರನ್ನು ಈ ವಿಷಯವಾಗಿ ಯಾರೂ ಕೇಳಿದಂತಿಲ್ಲ.

ನಾನು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನವನು. ನಮ್ಮ ಕಡೆಯ ಜನ ಅರಿಸಿನ, ಈರುಳ್ಳಿ, ಟೊಮೆಟೊ ಬೆಳೆದುಕೊಂಡು, ಕೊಳವೆಬಾವಿಯಲ್ಲಿ ನೀರಿದ್ದರೆ ಉಂಟು ಇಲ್ಲದಿದ್ದರೆ ಇಲ್ಲ ಎಂದು ಬದುಕುವವರು. ಗುಂಡ್ಲುಪೇಟೆಯಿಂದ ಜಿಲ್ಲಾ ಕೇಂದ್ರವಾದ ಚಾಮರಾಜನಗರಕ್ಕೆ ಸುಮಾರು 35 ಕಿಲೋಮೀಟರು, ಮೈಸೂರಿಗೆ ಸುಮಾರು 60. ದೊಡ್ಡ ಕಾಯಿಲೆ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಡಾಕ್ಟರಲ್ಲ, ಈ ದೂರ. ನಮ್ಮ ಬೀದಿಯ ಮುದುಕಿಯೊಬ್ಬರು ಮೂರು ದಿನ ಜ್ವರದಲ್ಲಿ ಮಲಗಿದ್ದರು. ಅವರ ಮನೆಯ ಗೋಡೆಯ ಗೂಡಿನಲ್ಲಿ ಐದು ಲಕ್ಷ ರೂಪಾಯಿಯ ಚಿಕಿತ್ಸೆ ಕೊಡಿಸುತ್ತೇನೆಂದು ಸರ್ಕಾರ ಬರೆದುಕೊಟ್ಟ ಕಾರ್ಡಿದೆ. ಅದನ್ನು ನೆನಪಿಸಿದೆ. "ಕಾರ್ಡು ಅದ ಕನ ಮೊಗ. ಕಾರ್ಡು ನೆಕ್ಕುದ್ರ ಜರ ಬುಟ್ಟದ?" ಎಂದರು. ಆರೋಗ್ಯ ವಿಮೆಯನ್ನು ಕುರಿತು ನಾನು ಓದಿದ ಎಷ್ಟೋ ವರದಿಗಳಿಗಿಂತ ಈ ಒಂದು ಮಾತಿನಲ್ಲಿ ಹೆಚ್ಚು ತಿರುಳಿದೆ.

ಏಕೆಂದರೆ ಕಾರ್ಡಿನ ನಿಯಮ ಅವರು ಹೇಳಿದಂತೆಯೇ ಇದೆ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತವನ್ನೂ ರಾಜ್ಯದ ಆರೋಗ್ಯ ಕರ್ನಾಟಕವನ್ನೂ ಒಂದುಗೂಡಿಸಿದರು. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿಯಾದ ದರದಲ್ಲಿ ನೂರಕ್ಕೆ 30ರಷ್ಟು, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈ ಕಾರ್ಡಿನಿಂದ ಬದುಕಿ ಉಳಿದವರಿದ್ದಾರೆ. ಅದನ್ನು ಅಲ್ಲಗಳೆಯುವಷ್ಟು ಕೃತಘ್ನತೆ ನನ್ನಲ್ಲಿಲ್ಲ. ಆದರೆ ಈ ಹಣ ಬಿಚ್ಚಿಕೊಳ್ಳುವುದು ರೋಗಿ ಹಾಸಿಗೆ ಹಿಡಿದು ಆಸ್ಪತ್ರೆಯೊಳಗೆ ದಾಖಲಾದ ಮೇಲೆ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮಗುವಿನ ಕೆಮ್ಮು, ಮುದುಕರ ಮಂಡಿನೋವು, ಬಸ್ಸಿನ ಖರ್ಚು, ಜೊತೆಗೆ ಹೋದವನ ಕೂಲಿ, ಇವುಗಳಿಗೆ ಕಾರ್ಡಿನಲ್ಲಿ ಜಾಗವಿಲ್ಲ. ಬಡವನ ಸಂಸಾರವನ್ನು ತಿಂಗಳು ತಿಂಗಳೂ ಕೊರೆಯುವುದು ಇವೇ. ಮನೆ ಸೋರುತ್ತಿರುವಾಗ ಹೆಂಚು ಹೊದಿಸದೆ, ಮನೆ ಬಿದ್ದ ಮೇಲೆ ಐದು ಲಕ್ಷ ಕೊಡುತ್ತೇನೆಂದು ಮಾತು ಕೊಟ್ಟ ಹಾಗಾಯಿತು.

ವಿಮೆಯೆಂಬುದೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಮ್ಮ ನೆರೆಯಲ್ಲಿಯೇ ಬುದ್ಧಿವಂತಿಕೆಯ ವಿಮೆಯೊಂದು ನಡೆದಿತ್ತು. 2002ರಲ್ಲಿ ಕರುಣಾ ಟ್ರಸ್ಟ್‌ನವರು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಅದನ್ನು ಪ್ರಾರಂಭಿಸಿದರು. ಅತ್ಯಲ್ಪ ವಂತಿಗೆ. ರೋಗಿ ಸೇರಬೇಕಾದದ್ದು ಸರ್ಕಾರಿ ಆಸ್ಪತ್ರೆಗೇ. ಅಲ್ಲಿ ಮಲಗಿದಷ್ಟು ದಿನವೂ ದಿನಕ್ಕೆ 50 ರೂಪಾಯಿ ಅವನ ಕೈಗೆ, ಹೋದ ಕೂಲಿಯ ಬದಲಾಗಿ. ಇನ್ನೊಂದು 50 ರೂಪಾಯಿ, ಆಸ್ಪತ್ರೆಯಲ್ಲಿ ಇಲ್ಲದ ಔಷಧಿ ತರಿಸಲು. ಇಷ್ಟೇ. ಇದನ್ನು ಯೋಚಿಸಿದವರು ಕೂಲಿಕಾರನ ಮನೆಯ ಒಲೆಯ ಮುಂದೆ ಕುಳಿತು ಯೋಚಿಸಿದ್ದರೆಂಬುದು ಸ್ಪಷ್ಟ. ಬಡವ ಆಸ್ಪತ್ರೆಗೆ ಹೋಗದಿರುವುದು ಶಸ್ತ್ರಚಿಕಿತ್ಸೆಯ ಹೆದರಿಕೆಯಿಂದ ಮಾತ್ರವಲ್ಲ, ಅವನು ಮಲಗಿದರೆ ಅಂದಿನ ರಾಗಿಗೆ ದಾರಿಯಿಲ್ಲವೆಂಬುದರಿಂದ. ಇನ್ನೊಂದು ಗುಣವೂ ಅದರಲ್ಲಿತ್ತು: ಬಂದ ಹಣವೆಲ್ಲ ರೋಗಿಗೂ ಸರ್ಕಾರಿ ಆಸ್ಪತ್ರೆಗೂ ಸೇರುತ್ತಿತ್ತು. ಮರುವರ್ಷ, 2003ರಲ್ಲಿ, ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಬಂತು. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅದರ ಹಿರಿಮೆಯನ್ನು ಎಲ್ಲರೂ ಹಾಡಿದರು, ತಪ್ಪಲ್ಲ. ಅದು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿ, 2022ರಲ್ಲಿ ಮತ್ತೆ ಎದ್ದು ಬಂತು. ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಶಸ್ತ್ರಚಿಕಿತ್ಸೆ ಬಹುಪಾಲು ನಡೆದದ್ದು ಪಟ್ಟಣದ ಖಾಸಗಿ ಆಸ್ಪತ್ರೆಗಳಲ್ಲಿ. ಎರಡು ಯೋಜನೆಗಳಲ್ಲಿ ಯಾವುದು ಬೆಳೆಯಿತು, ಯಾವುದು ಮರೆತುಹೋಯಿತು ಎಂಬುದನ್ನು ನೋಡಿದರೆ ಗಾಳಿ ಬೀಸುವ ದಿಕ್ಕು ತಿಳಿಯುತ್ತದೆ.

ಈಗಿನ ವ್ಯವಸ್ಥೆಯಲ್ಲಿ ಸರ್ಕಾರಿ ಆಸ್ಪತ್ರೆಗೆ ಒಂದು ಹೊಸ ಉದ್ಯೋಗ ದೊರೆತಿದೆ: ಪತ್ರ ಬರೆಯುವುದು. ತುರ್ತು ಸಂದರ್ಭ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದವನು ಮೊದಲು ಸರ್ಕಾರಿ ಆಸ್ಪತ್ರೆಯಿಂದ ಚೀಟಿ ತರಬೇಕು. ಅರಿಸಿನದ ಹೊಲದಲ್ಲಿ ದುಡಿಯುವ ನನ್ನ ಪರಿಚಿತನೊಬ್ಬನಿಗೆ ಹರ್ನಿಯ. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ಇದನ್ನು ನಾವೇ ಮಾಡಬೇಕು, ಚೀಟಿ ಕೊಡಲು ಬರುವುದಿಲ್ಲ, ಆದರೆ ಶಸ್ತ್ರವೈದ್ಯರು ಸದ್ಯಕ್ಕೆ ಇಲ್ಲ ಎಂದರು. ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಚೀಟಿಯಿಲ್ಲದೆ ಕಾರ್ಡು ನಡೆಯದು, ದುಡ್ಡು ಕಟ್ಟುವುದಾದರೆ ನಾಳೆಯೇ ಮಾಡುತ್ತೇವೆ ಎಂದರು. ಇಬ್ಬರೂ ನಿಯಮದ ಪ್ರಕಾರವೇ ಮಾತನಾಡಿದರು. ಅವನು ಎರಡು ಹಸುಗಳಲ್ಲಿ ಒಂದನ್ನು ಮಾರಿ ದುಡ್ಡು ಕಟ್ಟಿದ. ಮೊದಲನೆಯ ಆಸ್ಪತ್ರೆಯಲ್ಲಿ ಒಬ್ಬ ಶಸ್ತ್ರವೈದ್ಯರೂ ಒಬ್ಬ ಅರಿವಳಿಕೆಯ ವೈದ್ಯರೂ ಇದ್ದಿದ್ದರೆ ಕಾರ್ಡಿನ ಮಾತೇ ಏಳುತ್ತಿರಲಿಲ್ಲ.

ಇಲ್ಲಿಯೇ ನಾನು ಹೇಳಬೇಕಾದ ಮಾತು ಇರುವುದು. ಕರ್ನಾಟಕದಲ್ಲಿ ಯಾರೂ ಸರ್ಕಾರಿ ಆಸ್ಪತ್ರೆಗಳನ್ನು ಹರಾಜು ಕೂಗಿಲ್ಲ. ಕೂಗುವ ಅಗತ್ಯವೇ ಇಲ್ಲ. ಹಣ ಯಾವ ದಾರಿಯಲ್ಲಿ ಹರಿಯುತ್ತದೆಯೋ ಒಡೆತನ ಅದೇ ದಾರಿಯಲ್ಲಿ ಹಿಂದೆ ಹಿಂದೆ ನಡೆದುಹೋಗುತ್ತದೆ. ಕಾರ್ಡಿನ ಹಣ ಸರ್ಕಾರಿ ಆಸ್ಪತ್ರೆಗೂ ಬರುತ್ತದೆಂದು ಅಧಿಕಾರಿಗಳು ಹೇಳುತ್ತಾರೆ. ಬರುತ್ತದೆ, ಅಲ್ಲಿ ಚಿಕಿತ್ಸೆ ಮಾಡುವವರಿದ್ದರೆ. ವೈದ್ಯರಿಲ್ಲದ ಆಸ್ಪತ್ರೆ ಚಿಕಿತ್ಸೆ ಮಾಡದು. ಚಿಕಿತ್ಸೆ ಮಾಡದ ಆಸ್ಪತ್ರೆಗೆ ಹಣ ಬಾರದು. ಹಣ ಬಾರದ ಆಸ್ಪತ್ರೆಯನ್ನು ತೋರಿಸಿ, ನೋಡಿರಿ, ಸರ್ಕಾರಕ್ಕೆ ನಡೆಸಲು ಬಾರದು ಎನ್ನಬಹುದು. ಆ ಮೇಲೆ "ಸಹಭಾಗಿತ್ವ" ಎಂಬ ಹೂವಿನಂಥ ಶಬ್ದ ಬರುತ್ತದೆ.

ಈ ಸಹಭಾಗಿತ್ವದ ರುಚಿಯನ್ನು ರಾಯಚೂರಿನವರು ನೋಡಿದ್ದಾರೆ. ತೈಲ ರಫ್ತು ಮಾಡುವ ದೇಶಗಳ ನಿಧಿಯ ನೆರವಿನಿಂದ ಅಲ್ಲಿ 350 ಹಾಸಿಗೆಗಳ ದೊಡ್ಡ ಆಸ್ಪತ್ರೆ ಎದ್ದಿತು. ಜನ ಅದನ್ನು ಇಂದಿಗೂ ಒಪೆಕ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ನೆಲ ಸರ್ಕಾರದ್ದು, ಕಟ್ಟಡ ಸರ್ಕಾರದ್ದು, ಯಂತ್ರಗಳು ಸರ್ಕಾರದ್ದು. ನಡೆಸುವ ಹೊಣೆಯನ್ನು ಅಪೊಲೊ ಸಂಸ್ಥೆಗೆ ವಹಿಸಿದರು. ಮೊದಲ ವರ್ಷಗಳಲ್ಲಿ ನಷ್ಟವಾದರೆ ಅದನ್ನು ತುಂಬಿಕೊಡುವ ಹೊಣೆಯೂ ಸರ್ಕಾರದ್ದೇ. ಹೀಗೆ ನಷ್ಟವನ್ನು ಇನ್ನೊಬ್ಬರು ಹೊರುವುದಾದರೆ ಯಾವ ವ್ಯಾಪಾರವನ್ನು ತಾನೆ ಯಾರು ಬೇಡವೆನ್ನುತ್ತಾರೆ? 2012ರಲ್ಲಿ ಕರಾರು ಮುಗಿಯಿತು. ಆಸ್ಪತ್ರೆ ಸರ್ಕಾರಕ್ಕೆ ಹಿಂದಿರುಗಿತು. ಖಾಸಗಿಯವರ ಕೈ ಸೋಕಿದ ಮಾತ್ರಕ್ಕೆ ಹೈದರಾಬಾದ್ ಕರ್ನಾಟಕದ ಬಡವರ ಕಷ್ಟ ಕರಗಿತೆಂದು ರಾಯಚೂರಿನಲ್ಲಿ ಹೇಳುವವರನ್ನು ನಾನು ಕಂಡಿಲ್ಲ.

ಉಡುಪಿಯ ಕಥೆ ಇನ್ನೂ ಕಹಿ. ಕಾರ್ಪೊರೇಷನ್ ಬ್ಯಾಂಕಿನ ಮೂಲಪುರುಷರಾದ ಹಾಜಿ ಅಬ್ದುಲ್ಲಾ ಸಾಹೇಬರು ಬಡವರ ಆಸ್ಪತ್ರೆಗೆಂದು ದಾನ ಮಾಡಿದ ನೆಲ ಅಲ್ಲಿತ್ತು. ಅಲ್ಲಿಯ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯನ್ನು 2016ರಲ್ಲಿ ಅಬುಧಾಬಿಯ ಉದ್ಯಮಿ ಬಿ. ಆರ್. ಶೆಟ್ಟರ ಸಂಸ್ಥೆಗೆ ಒಪ್ಪಿಸಿದರು: ಅವರು 200 ಹಾಸಿಗೆಗಳ ಹೊಸ ಆಸ್ಪತ್ರೆ ಕಟ್ಟಿ ಉಚಿತವಾಗಿ ನಡೆಸಿಕೊಡಬೇಕು, ಅದಕ್ಕೆ ಪ್ರತಿಯಾಗಿ ತಮ್ಮದೇ ಒಂದು ಖಾಸಗಿ ಆಸ್ಪತ್ರೆಯನ್ನು ಅಲ್ಲಿ ಎಬ್ಬಿಸಿಕೊಳ್ಳಬಹುದು. ಊರಿನ ಅನೇಕರು ವಿರೋಧಿಸಿದರು. ಹೊಸ ಆಸ್ಪತ್ರೆ ಕಟ್ಟಿದ್ದೂ ನಿಜ, ಹೆರಿಗೆಗಳಾದದ್ದೂ ನಿಜ. ಆದರೆ 2020ರಲ್ಲಿ ಶೆಟ್ಟರ ವ್ಯಾಪಾರ ಅಬುಧಾಬಿಯಲ್ಲಿ ಕುಸಿಯಿತು. ಅಲ್ಲಿ ಒಂದು ಕಂಪನಿ ಬಿದ್ದರೆ ಇಲ್ಲಿ ಉಡುಪಿಯಲ್ಲಿ ದಾದಿಯರಿಗೆ ಸಂಬಳ ನಿಂತಿತು. ಬಾಣಂತಿಯರ ಆಸ್ಪತ್ರೆಯ ಮುಂದೆ ಸಿಬ್ಬಂದಿ ಧರಣಿ ಕುಳಿತರು. ಕೊನೆಗೆ ಅದನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ನಾನು ಆ ಉದ್ಯಮಿಯ ಉದ್ದೇಶವನ್ನು ಸಂಶಯಿಸುತ್ತಿಲ್ಲ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಉಡುಪಿಯ ಬಾಣಂತಿಯ ಹಾಸಿಗೆಯನ್ನು ಸಾವಿರಾರು ಮೈಲಿ ದೂರದ ಸಾಲದ ಲೆಕ್ಕಕ್ಕೆ ಕಟ್ಟಿಹಾಕಿದ್ದು ಸರಿಯೆ ಎಂಬುದು ಪ್ರಶ್ನೆ.

ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ನಮಗಿಂತ ಮೊದಲು ಕಂಡವರು ಪೂರ್ವ ಯೂರೋಪಿನವರು. 1989ರಲ್ಲಿ ಕಮ್ಯೂನಿಸ್ಟ್ ಸರ್ಕಾರಗಳು ಉರುಳಿದಾಗ ಅಲ್ಲಿ ಆಸ್ಪತ್ರೆಯೆಲ್ಲ ಸರ್ಕಾರದ್ದೇ. ಅದು ಸೊಗಸಾಗಿತ್ತೆಂದು ಯಾರೂ ಹೇಳರು. ವೈದ್ಯರ ಜೇಬಿಗೆ ಲಕೋಟೆ ಸೇರಿಸದೆ ಕೆಲಸವಾಗುತ್ತಿರಲಿಲ್ಲ. ಕರ್ನಾಟಕದ ಜನಸಂಖ್ಯೆಯ ಹತ್ತನೆಯ ಒಂದು ಪಾಲೂ ಇಲ್ಲದ ಸ್ಲೊವಾಕಿಯ ಎಲ್ಲರಿಗಿಂತ ಮುಂದೆ ಓಡಿತು. ರುಡೊಲ್ಫ್ ಜಾಯಾತ್ಸ್ ಎಂಬ ಮಂತ್ರಿ 2003ರಲ್ಲಿ ಡಾಕ್ಟರನ್ನು ಕಂಡರೆ 20 ಕೊರುನ ಶುಲ್ಕವೆಂದರು. 2005ರಲ್ಲಿ ಆರೋಗ್ಯ ವಿಮೆಯ ನಿಧಿಗಳನ್ನೆಲ್ಲ ಲಾಭ ಮಾಡಬಹುದಾದ ಷೇರು ಕಂಪನಿಗಳನ್ನಾಗಿ ಮಾರ್ಪಡಿಸಿದರು. 2006ರ ಚುನಾವಣೆಯಲ್ಲಿ ಆ ಸರ್ಕಾರ ಸೋತಿತು. ಹೊಸಬರು ಶುಲ್ಕವನ್ನು ತೆಗೆದುಹಾಕಿದರು. ಅದು ಸುಲಭ. ಆದರೆ ವಿಮೆಯ ಕಂಪನಿಗಳು ಲಾಭವನ್ನು ಷೇರುದಾರರಿಗೆ ಹಂಚಬಾರದೆಂದು 2007ರಲ್ಲಿ ಕಾನೂನು ಮಾಡಹೊರಟಾಗ ನೋಡಿರಿ ತಮಾಷೆ! ಹಾಲೆಂಡಿನ ಅಕ್ಮಿಯ ಕಂಪನಿ ಅಂತರರಾಷ್ಟ್ರೀಯ ಪಂಚಾಯಿತಿಗೆ ಹೋಯಿತು; 2011ರಲ್ಲಿ ದೇಶದ ಸಂವಿಧಾನ ನ್ಯಾಯಾಲಯವೇ ಆ ನಿಷೇಧವನ್ನು ತಳ್ಳಿಹಾಕಿತು; 2012ರಲ್ಲಿ ಪಂಚರು 2 ಕೋಟಿ 20 ಲಕ್ಷ ಯೂರೋ ಪರಿಹಾರ ಕೊಡಿ ಎಂದರು. ಇಂಥ ಪಂಚಾಯಿತಿಯೇ ಯೂರೋಪಿನ ಕಾನೂನಿಗೆ ಹೊಂದದೆಂದು ಯೂರೋಪಿನ ನ್ಯಾಯಾಲಯ ಹೇಳುವ ಹೊತ್ತಿಗೆ 2018 ಬಂದಿತ್ತು. ಜನ ಮತ ಹಾಕಿ ಸರ್ಕಾರವನ್ನು ಬದಲಿಸಬಹುದು. ಸಹಿ ಬಿದ್ದ ಕರಾರನ್ನು ಬದಲಿಸಲು ಹತ್ತು ವರ್ಷ ಕಟಕಟೆ ಹತ್ತಬೇಕು.

ಹತ್ತು ವರ್ಷವೇ ಹೀಗಾದರೆ ಅರವತ್ತು ವರ್ಷ ಏನಾದೀತು? 2020ರ ಜನವರಿಯಲ್ಲಿ ನೀತಿ ಆಯೋಗ ಪ್ರಕಟಿಸಿದ ಮಾದರಿ ಕರಾರಿನಲ್ಲಿ ಜಿಲ್ಲಾಸ್ಪತ್ರೆಯನ್ನು ಖಾಸಗಿ ವೈದ್ಯಕೀಯ ಕಾಲೇಜಿಗೆ ಜೋಡಿಸಿ 60 ವರ್ಷ ಒಪ್ಪಿಸುವ ಸಲಹೆಯಿತ್ತು. ಹಾಸಿಗೆಗಳಲ್ಲಿ ಎರಡು ಜಾತಿ: ನಿಯಂತ್ರಿತ ದರದವು, ಮಾರುಕಟ್ಟೆಯ ದರದವು. ಜಿಲ್ಲಾಸ್ಪತ್ರೆಯ ಒಂದೇ ಸೂರಿನಡಿಯಲ್ಲಿ ಮಾರುಕಟ್ಟೆಯ ಹಾಸಿಗೆ! ಇಂದು ಹುಟ್ಟಿದ ಮಗು ಅಜ್ಜನಾಗುವ ತನಕ ಆ ಕರಾರು ಬಾಳುತ್ತದೆ. ವಿಜಯಪುರದಲ್ಲಿ ಇಂಥದೇ ಸಹಭಾಗಿತ್ವದ ವೈದ್ಯಕೀಯ ಕಾಲೇಜಿನ ಮಾತು ಬಂದಾಗ, ನಮಗೆ ಪೂರ್ತಿ ಸರ್ಕಾರದ್ದೇ ಬೇಕೆಂದು ಜನ 2025ರ ಸೆಪ್ಟೆಂಬರಿನಲ್ಲಿ ಧರಣಿ ಹೂಡಿದರು. ಅವರನ್ನು ಪ್ರಗತಿವಿರೋಧಿಗಳೆಂದು ಜರೆದವರೂ ಉಂಟು.

ಎದುರುವಾದಿಗಳು ಇಷ್ಟು ಹೊತ್ತಿಗೆ ನಮ್ಮ ಜಿಲ್ಲೆಯ ಗುಂಬಳ್ಳಿಯನ್ನು ನೆನಪಿಸಿಯೇ ಇರುತ್ತಾರೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಡಾಕ್ಟರ್ ಸುದರ್ಶನರ ಕರುಣಾ ಟ್ರಸ್ಟ್‌ಗೆ ವಹಿಸಿತು. ಅಲ್ಲಿ ಹಗಲುರಾತ್ರಿ ದಾದಿ ಇದ್ದಳು, ಔಷಧಿಯಿತ್ತು, ಹೆರಿಗೆಗಳಾದವು. ಒಪ್ಪಿದೆ. ಆದರೆ ಅದು ಲಾಭದ ವ್ಯಾಪಾರವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಬಾಳನ್ನು ಸವೆಸಿದವರು, ಯಳಂದೂರಿನಲ್ಲಿ ಕುಷ್ಠರೋಗದ ಕೆಲಸದಿಂದ ಆರಂಭಿಸಿದವರು, ಸರ್ಕಾರದ ಹಣದಲ್ಲಿ ಸರ್ಕಾರದ ಕಟ್ಟಡವನ್ನು ನಡೆಸಿದರು. ಗುಂಬಳ್ಳಿಯ ಪಾಠ, ಸರಿಯಾದ ಮನುಷ್ಯರಿದ್ದರೆ ಸರ್ಕಾರಿ ಕೇಂದ್ರ ಚೆನ್ನಾಗಿ ನಡೆಯುತ್ತದೆ ಎಂಬುದು. ಅದರಿಂದ ಜಿಲ್ಲಾಸ್ಪತ್ರೆಯನ್ನು ಷೇರು ಪೇಟೆಯವರಿಗೆ ಕೊಡಬಹುದೆಂಬ ತೀರ್ಮಾನ ತೆಗೆಯುವುದು, ಪಕ್ಕದ ಮನೆಯ ಹಸು ಸಾಧುವೆಂದು ಕಾಡಿನ ಹುಲಿಯ ಹಾಲು ಕರೆಯಹೋದ ಹಾಗೆ.

ಇನ್ನೊಂದು ಬಾಣವೂ ಅವರ ಬತ್ತಳಿಕೆಯಲ್ಲಿದೆ. ಅದು ನಮ್ಮ ಜಿಲ್ಲೆಯವರ ಎದೆಗೇ ನಾಟುವಂಥದು. 2021ರ ಮೇ 2ರ ರಾತ್ರಿ. ಚಾಮರಾಜನಗರದ ಜಿಲ್ಲಾಸ್ಪತ್ರೆ ಆಮ್ಲಜನಕದ ಸಿಲಿಂಡರಿಗಾಗಿ ಮೈಸೂರಿನ ದಾರಿ ಕಾಯುತ್ತಿತ್ತು. ಬೆಳಗಾಗಿ ಲೆಕ್ಕ ಹಾಕಿದಾಗ ಒಂದು ದಿನದೊಳಗೆ 24 ಮಂದಿ ತೀರಿಕೊಂಡಿದ್ದರು. ಅದು ಸರ್ಕಾರಿ ಆಸ್ಪತ್ರೆಯೇ. ಆ ಅಪರಾಧವನ್ನು ನಾನು ತೊಳೆಯಲು ಹೋಗುವುದಿಲ್ಲ. ಆದರೆ ಆಮೇಲೆ ನಡೆದದ್ದನ್ನೂ ನೆನೆಯಬೇಕು. ಸತ್ತವರ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳಿದರು. ಪತ್ರಿಕೆಗಳು ಕೇಳಿದವು. ಹೈಕೋರ್ಟು ನಿವೃತ್ತ ನ್ಯಾಯಾಧೀಶರ ಸಮಿತಿಯನ್ನು ಕಳುಹಿಸಿತು. ಅದು ದಾಖಲೆಗಳನ್ನು ತರಿಸಿ ನೋಡಿ ಆಮ್ಲಜನಕದ ಕೊರತೆಯನ್ನು ಬರೆದಿಟ್ಟಿತು. ಯಾರಿಗೆ ಎಷ್ಟು ಶಿಕ್ಷೆಯಾಯಿತೆಂಬುದು ಬೇರೆ ವ್ಯಸನದ ಮಾತು. ಅಷ್ಟಾದರೂ ಕೇಳಲು ಸಾಧ್ಯವಾದದ್ದು ಆ ಮನೆ ನಮ್ಮದಾದ್ದರಿಂದ. ಕಂಪನಿಯ ಆಸ್ಪತ್ರೆಯಲ್ಲಿ ಆಗಿದ್ದರೆ ಮೊದಲು ವಕೀಲರು ಬರುತ್ತಿದ್ದರು.

ಉತ್ಪ್ರೇಕ್ಷೆಯೆಂದು ತೋರಿದರೆ 2017ರ ನವೆಂಬರನ್ನು ಜ್ಞಾಪಿಸಿಕೊಳ್ಳಬಹುದು. ಖಾಸಗಿ ಆಸ್ಪತ್ರೆಗಳ ದರಕ್ಕೆ ಹದ್ದು ಹಾಕಿ, ರೋಗಿಯ ದೂರನ್ನು ಕೇಳುವ ಒಂದು ವ್ಯವಸ್ಥೆ ಮಾಡೋಣವೆಂದು ಆಗಿನ ಆರೋಗ್ಯ ಮಂತ್ರಿ ರಮೇಶ್ ಕುಮಾರ್ ಮಸೂದೆ ತಂದರು. ರಾಜ್ಯದ ಉದ್ದಗಲಕ್ಕೂ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿದವು. ಬೆಳಗಾವಿಯಲ್ಲಿ ಶಾಸನಸಭೆ ಕುಳಿತಿರುವಾಗಲೇ ರೋಗಿಗಳು ಬೀದಿಯಲ್ಲಿ ಅಲೆದರು. ಮಸೂದೆ ಮೆತ್ತಗಾಗಿ ಹೊರಬಂತು. ಆ ದಿನಗಳಲ್ಲಿ ತೆರೆದಿದ್ದದ್ದು ಯಾವ ಬಾಗಿಲು? ನಡೆಸಲು ಬಾರದವರ ಬಾಗಿಲು.

ಕಮ್ಯೂನಿಸ್ಟರ ಮಾತಾಡುತ್ತೀರಿ ಎಂದು ನನ್ನನ್ನು ಕೆಲವರು ಹಂಗಿಸುವುದುಂಟು. ನಮ್ಮ ದೇಶದಲ್ಲಿ ಈ ಮಾತನ್ನು ಮೊದಲಾಡಿದವರು ಕಮ್ಯೂನಿಸ್ಟರಲ್ಲ. ಬ್ರಿಟಿಷ್ ಸರ್ಕಾರ ನೇಮಿಸಿದ, ಸರ್ ಜೋಸೆಫ್ ಭೋರ್ ಎಂಬ ಐ.ಸಿ.ಎಸ್. ಅಧಿಕಾರಿಯ ಸಮಿತಿ. ಸೋವಿಯತ್ ವೈದ್ಯ ಪದ್ಧತಿಯನ್ನು ಕುರಿತು ಗ್ರಂಥ ಬರೆದ ಹೆನ್ರಿ ಸಿಗರಿಸ್ಟ್ 1944ರಲ್ಲಿ ಇಲ್ಲಿಗೆ ಬಂದು ಅದಕ್ಕೆ ಸಲಹೆ ಕೊಟ್ಟರೆಂಬುದು ನಿಜ. 1946ರ ಅದರ ವರದಿಯ ದೂರದ ಗುರಿಯಲ್ಲಿ, ಹತ್ತರಿಂದ ಇಪ್ಪತ್ತು ಸಾವಿರ ಜನರಿಗೆ 75 ಹಾಸಿಗೆಗಳ ಒಂದು ಆಸ್ಪತ್ರೆಯಿರಬೇಕೆಂದಿತ್ತು. ಇಂದಿನ ಕಟ್ಟಳೆಯಲ್ಲಿ ಬಯಲು ಸೀಮೆಯ 30,000 ಜನರಿಗೆ ಒಂದು ಪ್ರಾಥಮಿಕ ಕೇಂದ್ರ. ಅದರಲ್ಲಿ ಹಾಸಿಗೆ ಆರು. ಪ್ರಯತ್ನ ಮಾಡಿ ಸೋತದ್ದಾದರೆ ಸೋತೆವೆನ್ನಬಹುದಿತ್ತು. ಪ್ರಯತ್ನವನ್ನೇ ಮಾಡದೆ ಸೋತೆವೆನ್ನುವುದು ಯಾವ ನ್ಯಾಯ?

ನಮ್ಮ ತಾಲ್ಲೂಕಿನವರು ಕೇಳುವುದು ಬಹಳವಲ್ಲ. ಕಾರ್ಡಿನ ಹೆಸರಿನಲ್ಲಿ ಚಾಮರಾಜನಗರ ಜಿಲ್ಲೆಯ ರೋಗಿಗಳಿಗಾಗಿ ವರ್ಷಕ್ಕೆ ಎಷ್ಟು ಹಣ ಖರ್ಚಾಯಿತು, ಅದರಲ್ಲಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಿಗೆ ಎಷ್ಟು ಬಂತು, ಹೊರಗಿನ ಖಾಸಗಿ ಆಸ್ಪತ್ರೆಗಳಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಪ್ರತಿ ಪಂಚಾಯಿತಿಯ ಗೋಡೆಗೂ ಅಂಟಿಸಲಿ. ಹೊರಗೆ ಹೋದ ಹಣದಲ್ಲಿ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಮಂದಿ ವೈದ್ಯರನ್ನು ಇಡಬಹುದಿತ್ತೆಂದು ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ. ಯಾವ ಆಸ್ಪತ್ರೆಯನ್ನಾದರೂ ಯಾರಿಗಾದರೂ ಒಪ್ಪಿಸುವ ಕರಾರನ್ನು ಸಹಿ ಬೀಳುವ ಮೊದಲು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಲಿ. ಮತ್ತು ನರಸೀಪುರದಲ್ಲಿ 2002ರಲ್ಲಿ ಆದದ್ದನ್ನು ಸರ್ಕಾರವೇ ಮಾಡಲಿ: ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಕೂಲಿಯವನಿಗೆ ಅವನ ಕೂಲಿ ಕೊಡಲಿ. 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಆ ದರದಲ್ಲಿ ಏಳು ದಿನ ಮಲಗಿದವನಿಗೆ 2,590 ರೂಪಾಯಿ ಆಗುತ್ತದೆ. ಐದು ಲಕ್ಷದ ಮಾತು ಕೊಟ್ಟವರಿಗೆ ಇದು ಭಾರವೆ?